ಸಣ್ಣಗಾದ ಶವರ್: ಮೊದಲು ವಿಚಾರಣೆ, ಆಮೇಲೆ ಖರ್ಚು

ಜತ್ತ ತಾಲೂಕಿನ ಮನೆಗಳಲ್ಲಿ ಬಚ್ಚಲುಮನೆಯ ರೂಪ ಒಂದೇ ತಲೆಮಾರಿನಲ್ಲಿ ಬದಲಾಗಿದೆ. ಒಲೆಯ ಮೇಲಿನ ಹಂಡೆ, ಪಕ್ಕದ ತಣ್ಣೀರಿನ ಹೌದು, ಕೈಯಲ್ಲಿ ತಂಬಿಗೆ ಇದ್ದ ಕಡೆ ಇಂದು ಗೋಡೆಯೊಳಗೆ ಹುದುಗಿದ ಕೊಳವೆಗಳು, ಛಾವಣಿಯ ಮೇಲೊಂದು ಸೌರ ನೀರು ಕಾಯಿಸುವ ಯಂತ್ರ ಅಥವಾ ಗೋಡೆಗೊಂದು ಗೀಝರ್, ಬಿಸಿನೀರು ತಣ್ಣೀರುಗಳನ್ನು ಒಂದೇ ಹಿಡಿಕೆಯಲ್ಲಿ ಬೆರೆಸುವ ಮಿಕ್ಸರ್ ಶವರ್ ಬಂದಿವೆ. ಜತ್ತ ಪಟ್ಟಣದಲ್ಲಿ ಮಾತ್ರವಲ್ಲ, ಪೂರ್ವ ಭಾಗದ ಕನ್ನಡ ಹಳ್ಳಿಗಳಾದ ಸಂಖ, ಉಮದಿಗಳ ಹೊಸ ಮನೆಗಳಲ್ಲಿಯೂ ಇದು ಅಪರೂಪದ ವಸ್ತುವಾಗಿ ಉಳಿದಿಲ್ಲ.

ಇದರೊಂದಿಗೆ ಒಂದು ದೂರೂ ಮನೆಮನೆಗೆ ಬಂದಿದೆ. ಮಿಕ್ಸರ್ ಕೂರಿಸಿದ ಮೊದಲ ತಿಂಗಳು ಚೆನ್ನಾಗಿ ಸುರಿದ ನೀರು ವರ್ಷ ಕಳೆಯುವುದರೊಳಗೆ ದಾರದಂತೆ ಸಣ್ಣಗಾಗುತ್ತದೆ. ಕೆಲವು ಮನೆಗಳಲ್ಲಂತೂ ಮೊದಲ ದಿನದಿಂದಲೇ ಸಣ್ಣಗಿರುತ್ತದೆ. ಮನೆಯೊಡೆಯನು ನಳ ಜೋಡಿಸುವವನನ್ನು ಕರೆಯುತ್ತಾನೆ. ಅವನು ಮಿಕ್ಸರ್ ಹಾಳಾಗಿದೆ ಎನ್ನುತ್ತಾನೆ. ಅಂಗಡಿಯವನು ಪಂಪ್ ಕೂರಿಸಿ ಎನ್ನುತ್ತಾನೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ನೀರು ಮೊದಲಿನಂತೆಯೇ ಸಣ್ಣಗೆ ಬೀಳುತ್ತಿರುತ್ತದೆ. ತಪ್ಪು ಯಾರದೆಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ.

ಪುರಾವೆಯಿಲ್ಲದೆ ತೀರ್ಪು ಕೊಡಬಾರದೆಂಬುದು ನ್ಯಾಯಾಲಯದ ಮೊದಲ ಪಾಠ. ಬಚ್ಚಲುಮನೆಗೂ ಅದೇ ಪಾಠ ಸಲ್ಲುತ್ತದೆ. ದೋಷ ಎಲ್ಲಿದೆಯೆಂದು ತಿಳಿಯುವ ಮೊದಲು ಯಾವ ಬಿಡಿಭಾಗವನ್ನೂ ಬದಲಿಸಬಾರದು. ಈ ವಿಚಾರಣೆಗೆ ಬೇಕಾದ ಸಾಧನಗಳು ಎಲ್ಲರ ಮನೆಯಲ್ಲಿಯೂ ಇವೆ: ಅಳತೆ ಗೊತ್ತಿರುವ ಒಂದು ಬಕೆಟ್, ಒಂದು ಗಡಿಯಾರ, ಒಂದು ಹಾಳೆ ಕಾಗದ.

ಯಾವಾಗಿನಿಂದ ಎಂಬ ಪ್ರಶ್ನೆ

ಮೊದಲು ಕೇಳಬೇಕಾದ ಪ್ರಶ್ನೆ, ನೀರು ಯಾವಾಗಿನಿಂದ ಸಣ್ಣಗಾಯಿತು ಎಂಬುದು. ಇದಕ್ಕೆ ಮೂರು ಉತ್ತರಗಳು ಸಾಧ್ಯ. ಮೂರಕ್ಕೂ ಮೂರು ಬೇರೆ ಕಾರಣಗಳಿವೆ. ಮೊದಲ ದಿನದಿಂದಲೇ ಸಣ್ಣಗಿದ್ದರೆ ದೋಷವು ಬಹುಮಟ್ಟಿಗೆ ಟಾಕಿಯ ಎತ್ತರದಲ್ಲಿ, ಕೊಳವೆಯ ಅಳತೆಯಲ್ಲಿ ಅಥವಾ ಮಿಕ್ಸರಿನ ಆಯ್ಕೆಯಲ್ಲಿದೆ. ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಕಡಿಮೆಯಾಗಿದ್ದರೆ ಅದು ಸುಣ್ಣದ ಹಕ್ಕಳೆಯ ಕೆಲಸ. ನಿನ್ನೆ ಚೆನ್ನಾಗಿದ್ದು ಇಂದು ಥಟ್ಟನೆ ನಿಂತಿದ್ದರೆ ಅರ್ಧ ಮುಚ್ಚಿದ ವಾಲ್ವ್, ಜಾಲರಿಯಲ್ಲಿ ಸಿಕ್ಕಿದ ಕಸ ಅಥವಾ ಕೊಳವೆಯಲ್ಲಿ ಸಿಕ್ಕಿಬಿದ್ದ ಗಾಳಿ ಕಾರಣವಾಗಿರುತ್ತದೆ. ಈ ಒಂದು ಪ್ರಶ್ನೆಯನ್ನು ಕೇಳದೆಯೇ ಸ್ಪ್ಯಾನರ್ ಎತ್ತಿಕೊಳ್ಳುವವನ ಕೈಗೆ ಮನೆಯ ನಳವನ್ನು ಒಪ್ಪಿಸದಿರುವುದು ಲೇಸು.

ಎತ್ತರದ ಲೆಕ್ಕ

ನೀರಿಗೆ ಒತ್ತಡ ಕೊಡುವುದು ಎತ್ತರ. ಹತ್ತು ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಒಂದು ಮೀಟರ್ ಎತ್ತರವಿದ್ದರೆ 0.1 ಬಾರ್ ಮಾತ್ರ. ಒಂದೇ ಅಂತಸ್ತಿನ ಮನೆಯಲ್ಲಿ ಸ್ಲ್ಯಾಬಿನ ಎತ್ತರ ಹತ್ತು ಅಡಿ, ಶವರಿನ ತಲೆಯ ಎತ್ತರ ಆರೂವರೆ-ಏಳು ಅಡಿ ಎಂದಿಟ್ಟುಕೊಂಡರೆ, ಟಾಕಿಯನ್ನು ನೇರವಾಗಿ ಸ್ಲ್ಯಾಬಿನ ಮೇಲೆ ಕೂರಿಸಿದಾಗ ಟಾಕಿಯ ತಳಕ್ಕೂ ಶವರಿಗೂ ನಡುವೆ ಉಳಿಯುವುದು ಮೂರು-ಮೂರೂವರೆ ಅಡಿ, ಅಂದರೆ ಒಂದು ಮೀಟರ್. ಟಾಕಿ ತುಂಬಿದ್ದಾಗ ಒತ್ತಡ ಹೆಚ್ಚೆಂದರೆ 0.2 ಬಾರ್, ಬರಿದಾಗುತ್ತ ಬಂದಂತೆ 0.1 ಬಾರ್. ಪೇಟೆಯಲ್ಲಿ ಮಾರಾಟಕ್ಕಿರುವ ಅನೇಕ ಮಿಕ್ಸರ್‌ಗಳು, ಅದರಲ್ಲೂ ತಾನಾಗಿಯೇ ಉಷ್ಣತೆ ಹೊಂದಿಸುವ ಥರ್ಮೋಸ್ಟಾಟ್ ಜಾತಿಯವು, ಕನಿಷ್ಠ ಅರ್ಧ ಬಾರ್‌ನಿಂದ ಒಂದು ಬಾರ್ ಒತ್ತಡ ಬೇಡುತ್ತವೆ. ಬೇಕಾದುದರ ಐದನೆಯ ಒಂದು ಪಾಲು ಕೊಟ್ಟು ಪೂರ್ತಿ ನೀರು ನಿರೀಕ್ಷಿಸುವುದು ಯಂತ್ರಕ್ಕೆ ಮಾಡಿದ ಅನ್ಯಾಯ.

ಟಾಕಿಗೆ ಎರಡು ಮೀಟರ್ ಎತ್ತರದ ಕಟ್ಟೆ ಅಥವಾ ಕಬ್ಬಿಣದ ಚೌಕಟ್ಟು ಕಟ್ಟಿಸಿದರೆ ತಳದ ಎತ್ತರ ಒಂದರಿಂದ ಮೂರು ಮೀಟರಿಗೆ ಏರುತ್ತದೆ. ಹರಿವು ಮಾತ್ರ ಅದೇ ಪ್ರಮಾಣದಲ್ಲಿ ಏರುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಎತ್ತರ ನಾಲ್ಕು ಪಟ್ಟಾದಾಗ ಹರಿವು ಎರಡು ಪಟ್ಟಾಗುತ್ತದೆ. ಆದರೂ ವಿದ್ಯುತ್ತಿನ ಹಂಗಿಲ್ಲದ, ಸದ್ದಿಲ್ಲದ, ಕೆಡದ ಪರಿಹಾರ ಇದೊಂದೇ. ತುಂಬಿದ ಸಾವಿರ ಲೀಟರಿನ ಟಾಕಿ ಒಂದು ಟನ್ ಭಾರ ಎಂಬುದನ್ನು ನೆನಪಿನಲ್ಲಿಟ್ಟು, ಕಟ್ಟೆಯ ಜಾಗವನ್ನು ತಿಳಿದವರಿಗೆ ಕೇಳಿಯೇ ನಿರ್ಧರಿಸಬೇಕು.

ಕೊಳವೆಯ ಅಳತೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಟಾಕಿಯಿಂದ ಮಿಕ್ಸರಿನವರೆಗೆ ಅರ್ಧ ಇಂಚಿನ ಕೊಳವೆಯನ್ನೇ ಎಳೆದಿದ್ದರೆ ಘರ್ಷಣೆಯಲ್ಲಿಯೇ ಒತ್ತಡ ಕರಗಿಹೋಗುತ್ತದೆ. ಅಷ್ಟೇ ನೀರು ಮುಕ್ಕಾಲು ಇಂಚಿನ ಕೊಳವೆಯಲ್ಲಿ ಹರಿದರೆ ಆ ನಷ್ಟ ಆರೇಳು ಪಟ್ಟು ಕಡಿಮೆ. ಗೋಡೆ ಮುಚ್ಚಿದ ಮೇಲೆ ಇದನ್ನು ಸರಿಪಡಿಸುವುದೆಂದರೆ ಟೈಲ್ಸ್ ಒಡೆಯುವುದು. ಆದುದರಿಂದ ಮನೆ ಕಟ್ಟಿಸುತ್ತಿರುವವರು ಗಿಲಾವು ಆಗುವ ಮೊದಲೇ ಕೊಳವೆಯ ಮೇಲೆ ಮುದ್ರಿಸಿದ ಅಳತೆಯನ್ನು ತಾವೇ ಓದಿ ನೋಡುವುದು ಒಳ್ಳೆಯದು.

ನೀರೇ ಆರೋಪಿ

ಈ ತಾಲೂಕಿನಲ್ಲಿ ಎತ್ತರಕ್ಕಿಂತ ದೊಡ್ಡ ಕಾರಣ ನೀರಿನ ಗುಣ. ಜತ್ತ ಮಳೆ ನೆರಳಿನ ನಾಡು. ಕೆಳಗಿರುವುದು ದಖ್ಖನಿನ ಕಪ್ಪು ಬಸಾಲ್ಟ್ ಬಂಡೆ. ಮ್ಹೈಸಾಳದಲ್ಲಿ ಕೃಷ್ಣೆಯ ನೀರೆತ್ತುವ ಯೋಜನೆ ಬಂದರೂ ಅನೇಕ ಮನೆಗಳ ಟಾಕಿ ತುಂಬುವುದು ಇನ್ನೂ ಕೊಳವೆ ಬಾವಿಯಿಂದ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಸಾಬೂನು ನೊರೆ ಬಿಡದಿರುವುದು, ಪಾತ್ರೆಯ ಮೇಲೆ ಬಿಳಿ ಕಲೆ ಉಳಿಯುವುದು ಅದರ ಗುರುತು. ಕುಡಿಯುವ ನೀರಿಗೆ ಭಾರತೀಯ ಮಾನಕವು (ಐಎಸ್ 10500) ಗಡಸುತನದ ಮಿತಿಯನ್ನು ಲೀಟರಿಗೆ 200 ಮಿಲಿಗ್ರಾಂ ಎಂದು ಇಟ್ಟಿದೆ. ಬೇರೆ ಮೂಲವಿಲ್ಲದಾಗ 600 ಮಿಲಿಗ್ರಾಂವರೆಗೆ ಸಹಿಸಬಹುದೆಂದಿದೆ. ಟಾಕಿಯ ನೀರು ಯಾವ ಮಟ್ಟದ್ದೆಂದು ಒಮ್ಮೆ ಪರೀಕ್ಷೆ ಮಾಡಿಸಿದರೆ ಮುಂದಿನ ಎಷ್ಟೋ ಅನುಮಾನಗಳು ತೀರುತ್ತವೆ.

ಕರಗಿದ ಸುಣ್ಣ ತಣ್ಣೀರಿನಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಕಾಯಿಸಿದಾಗ ಕಲ್ಲಾಗಿ ಹೊರಬೀಳುತ್ತದೆ. ಚಹಾ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆ ಗೀಝರಿನ ಕಾಯಿಲ್ ಮೇಲೆ, ಸೌರಯಂತ್ರದ ಗಾಜಿನ ನಳಿಕೆಯೊಳಗೆ, ಬಿಸಿನೀರಿನ ಕೊಳವೆಯಲ್ಲಿ, ಮಿಕ್ಸರಿನ ಕಾರ್ಟ್ರಿಜ್‌ನಲ್ಲಿ, ಕೊನೆಗೆ ಶವರಿನ ಸೂಜಿಮೊನೆಯಂಥ ರಂಧ್ರಗಳಲ್ಲಿ ಕಟ್ಟುತ್ತದೆ. ಆದುದರಿಂದಲೇ ಗಡಸು ನೀರಿನ ಊರಿನಲ್ಲಿ ಮೊದಲು ಸಣ್ಣಗಾಗುವುದು ಬಿಸಿನೀರಿನ ಬದಿ. ಗೀಝರಿನ ಉಷ್ಣತೆಯನ್ನು ಬೇಕಾದುದಕ್ಕಿಂತ ಮೇಲಿಟ್ಟಷ್ಟೂ ಹಕ್ಕಳೆ ಬೇಗ ಬೆಳೆಯುತ್ತದೆ.

ಬಕೆಟ್ ಮತ್ತು ಗಡಿಯಾರದ ಸಾಕ್ಷಿ

ವಿಚಾರಣೆಯನ್ನು ಶವರಿನ ತುದಿಯಿಂದ ಆರಂಭಿಸಿ ಟಾಕಿಯ ಕಡೆಗೆ ಹಿಂದಕ್ಕೆ ನಡೆಯಬೇಕು. ಮೊದಲು ಶವರಿನ ಕೆಳಗೆ ಬಕೆಟ್ ಇಟ್ಟು, ತಣ್ಣೀರನ್ನು ಮಾತ್ರ ಪೂರ್ತಿ ತೆರೆದು, ಒಂದು ನಿಮಿಷಕ್ಕೆ ಎಷ್ಟು ಲೀಟರ್ ತುಂಬಿತೆಂದು ಬರೆದಿಡಬೇಕು. ಅನಂತರ ಬಿಸಿನೀರನ್ನು ಮಾತ್ರ ತೆರೆದು ಅದೇ ಅಳತೆ. ಮೂರನೆಯದಾಗಿ, ಅದೇ ಮಿಕ್ಸರಿನ ಕೆಳಗಿನ ಮೂತಿಯಿಂದ, ಅಂದರೆ ಬಕೆಟ್ ತುಂಬುವ ನಳದಿಂದ ಬರುವ ನೀರಿನ ಅಳತೆ. ನಾಲ್ಕನೆಯದಾಗಿ, ಅದೇ ಟಾಕಿಯಿಂದ ನೀರು ಪಡೆಯುವ ಇನ್ನೊಂದು ಕೋಣೆಯ ನಳದ ಅಳತೆ. ಈ ನಾಲ್ಕು ಅಂಕಿಗಳು ಹಾಳೆಯ ಮೇಲೆ ಕುಳಿತರೆ ಮುಕ್ಕಾಲು ಪಾಲು ಸತ್ಯ ಹೊರಬಿದ್ದಂತೆ.

ಮನೆಯ ಎಲ್ಲ ನಳಗಳೂ ಸಣ್ಣಗಿದ್ದರೆ ಮಿಕ್ಸರ್ ನಿರಪರಾಧಿ. ಟಾಕಿಯ ಹೊರದಾರಿಯ ವಾಲ್ವ್, ಅಲ್ಲಿ ಕಟ್ಟಿದ ಕೆಸರು, ಮುಖ್ಯ ಕೊಳವೆ ಇವುಗಳನ್ನು ನೋಡಬೇಕು. ಕೆಳಗಿನ ಮೂತಿಯಲ್ಲಿ ಧಾರಾಳವಾಗಿ ಬಂದು ಶವರಿನಲ್ಲಿ ಮಾತ್ರ ಸಣ್ಣಗಿದ್ದರೆ ದೋಷ ಶವರಿನ ತಲೆಯಲ್ಲಿದೆ, ಇಲ್ಲವೇ ನೀರನ್ನು ಮೇಲಕ್ಕೆ ತಿರುಗಿಸುವ ಡೈವರ್ಟರ್‌ನಲ್ಲಿದೆ. ತಲೆಯನ್ನು ಬಿಚ್ಚಿ ಬರಿಯ ತೋಳಿನಿಂದ ನೀರು ಬಿಟ್ಟು ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ತೋಳಿನಿಂದ ಚೆನ್ನಾಗಿ ಬಂದರೆ ತಲೆಯನ್ನು ತೊಳೆದರೆ ಸಾಕು. ಕೆಲವು ಶವರ್‌ಗಳ ಕುತ್ತಿಗೆಯಲ್ಲಿ ನೀರುಳಿತಾಯಕ್ಕೆಂದು ಕೂರಿಸಿದ ಸಣ್ಣ ಪ್ಲಾಸ್ಟಿಕ್ ಬಿಲ್ಲೆಯಿರುತ್ತದೆ. ಹೆಚ್ಚು ಒತ್ತಡದ ಊರುಗಳಿಗಾಗಿ ಮಾಡಿದ ಆ ಬಿಲ್ಲೆ, ಒತ್ತಡವೇ ಇಲ್ಲದ ಮನೆಯಲ್ಲಿ ಇದ್ದ ನೀರನ್ನೂ ತಡೆಯುತ್ತದೆ. ಅಲ್ಲಿ ಅದನ್ನು ತೆಗೆಯಬಹುದು. ಎಂಟು-ಹತ್ತು ಇಂಚು ಅಗಲದ ಮಳೆ ಶವರ್ ಸಹ ಇಂಥ ಮನೆಗೆ ತಕ್ಕುದಲ್ಲ. ಅಷ್ಟು ರಂಧ್ರಗಳಿಗೆ ಹಂಚಿಹೋದ ನೀರು ತೊಟ್ಟಿಕ್ಕುವುದೇ ಹೊರತು ಸುರಿಯುವುದಿಲ್ಲ. ಸಣ್ಣ ತಲೆಯೇ ಮೇಲು.

ತಣ್ಣೀರು ಚೆನ್ನಾಗಿದ್ದು ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಝರಿಗೆ ತಣ್ಣೀರು ಹೋಗುವ ದಾರಿಯ ವಾಲ್ವ್, ಅಲ್ಲಿರುವ ಸುರಕ್ಷತಾ ವಾಲ್ವ್, ಗೀಝರಿನ ಹೊರದಾರಿ ಮತ್ತು ಮಿಕ್ಸರಿನ ಬಿಸಿ ಬದಿಯ ಜಾಲರಿ ಇವೇ ಅನುಮಾನದ ಸ್ಥಳಗಳು. ಎರಡೂ ಬದಿಗಳಲ್ಲಿ, ಕೆಳಗಿನ ಮೂತಿಯಲ್ಲಿಯೂ ಸಣ್ಣಗಿದ್ದು, ಬೇರೆ ಕೋಣೆಗಳಲ್ಲಿ ಮಾತ್ರ ಚೆನ್ನಾಗಿದ್ದರೆ ಆಗ, ಆಗ ಮಾತ್ರ, ಮಿಕ್ಸರಿನ ಕಾರ್ಟ್ರಿಜ್ ಮೇಲೆ ಆರೋಪ ಹೊರಿಸಬಹುದು. ನೀರು ನಿಲ್ಲಿಸಿ ಹಿಡಿಕೆ ಬಿಚ್ಚಿದರೆ ಅದು ಹೊರಬರುತ್ತದೆ. ತೊಳೆದರೂ ಸರಿಹೋಗದಿದ್ದರೆ ಕಾರ್ಟ್ರಿಜ್ ಒಂದನ್ನೇ ಬದಲಿಸಬಹುದು, ಮಿಕ್ಸರನ್ನೇ ಬದಲಿಸಬೇಕಾಗಿಲ್ಲ. ಹೊಸದನ್ನು ತರುವಾಗ ಹಳೆಯದನ್ನು ಅಂಗಡಿಗೆ ಒಯ್ಯಬೇಕು. ವ್ಯಾಸದಲ್ಲಿ ಐದು ಮಿಲಿಮೀಟರ್ ವ್ಯತ್ಯಾಸವಿದ್ದರೂ ಅದು ಕೂರುವುದಿಲ್ಲ.

ಇನ್ನೆರಡು ಸೂಕ್ಷ್ಮ ಸಂಗತಿಗಳಿವೆ. ಟಾಕಿ ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೆ ಬಿಸಿನೀರು ನಿಂತರೆ ಅದು ಕೊಳವೆಯಲ್ಲಿ ಸಿಕ್ಕಿದ ಗಾಳಿ. ಕರೆಂಟಿನ ವೇಳೆ ನೋಡಿ ಟಾಕಿ ತುಂಬಿಸಬೇಕಾದ ಊರುಗಳಲ್ಲಿ ಇದು ಸಾಮಾನ್ಯ. ಎಲ್ಲಕ್ಕಿಂತ ಕೆಳಗಿನ ಬಿಸಿನೀರಿನ ನಳವನ್ನು ಪೂರ್ತಿ ತೆರೆದು ಕೆಲ ಹೊತ್ತು ಬಿಟ್ಟರೆ ಗಾಳಿ ಉಗುಳಿಕೊಂಡು ನೀರು ದಾರಿ ಮಾಡಿಕೊಳ್ಳುತ್ತದೆ. ಎರಡನೆಯದು, ಬಿಸಿ-ತಣ್ಣೀರುಗಳ ಒತ್ತಡದ ಜಗಳ. ತಣ್ಣೀರು ಪಂಪಿನಿಂದ, ಬಿಸಿನೀರು ಸೌರಯಂತ್ರದ ಟಾಕಿಯಿಂದ ಬರುತ್ತಿದ್ದರೆ ಬಲವಾದ ತಣ್ಣೀರು ಮಿಕ್ಸರಿನೊಳಗೆ ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಬಿಸಿನೀರಿನ ನಳದಲ್ಲಿ ಉಗುರುಬೆಚ್ಚಗಿನ ನೀರು ಬರುವುದು, ಯಾರೂ ತುಂಬಿಸದಿದ್ದರೂ ಸೌರಟಾಕಿಯ ಗಾಳಿಕೊಳವೆಯಿಂದ ನೀರು ಉಕ್ಕುವುದು ಇದರ ಲಕ್ಷಣ. ಎರಡೂ ನೀರು ಒಂದೇ ಟಾಕಿಯಿಂದ ಬರುವಂತೆ ಮಾಡುವುದು ಮತ್ತು ಎರಡೂ ಬದಿಗೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಕೂರಿಸುವುದು ಇದರ ಪರಿಹಾರ.

ನಿಂಬೆ ಉಪ್ಪಿನ ಚಿಕಿತ್ಸೆ

ಹಕ್ಕಳೆಗೆ ಅಗ್ಗದ ಔಷಧಿ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಬೆರೆಸಿ, ಬಿಚ್ಚಿದ ಶವರಿನ ತಲೆ ಮತ್ತು ಜಾಲರಿಗಳನ್ನು ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದರೆ ರಂಧ್ರಗಳು ತೆರೆದುಕೊಳ್ಳುತ್ತವೆ. ಬಿಚ್ಚಲು ಬಾರದ ತಲೆಗೆ ಅದೇ ದ್ರಾವಣ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕಟ್ಟಿ ನಿಲ್ಲಿಸಬಹುದು. ಬಿಳಿ ವಿನೆಗರ್ ಸಹ ಇದೇ ಕೆಲಸ ಮಾಡುತ್ತದೆ. ನೆಲಕ್ಕೆ ಶಹಾಬಾದಿ ಕಲ್ಲು ಹಾಸಿದ್ದರೆ ದ್ರಾವಣ ಚೆಲ್ಲದಂತೆ ನೋಡಿಕೊಳ್ಳಬೇಕು. ಅದೂ ಸುಣ್ಣದ ಕಲ್ಲೇ ಆದುದರಿಂದ ಆಮ್ಲ ಅದನ್ನೂ ತಿನ್ನುತ್ತದೆ.

ಬಚ್ಚಲು ತೊಳೆಯುವ ಕಟು ಆಸಿಡ್ಡನ್ನು ಮಿಕ್ಸರಿಗೆ ಸೋಕಿಸಬಾರದು. ಹೊಳಪು ಹೋಗಿ ಲೋಹ ತೂತಾಗುತ್ತದೆ. ಯಾವ ಆಮ್ಲವನ್ನೇ ಆಗಲಿ ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಗೀಝರಿನ ಒಳಭಾಗದ ಹಕ್ಕಳೆಯನ್ನು ಮಾತ್ರ ತಿಳಿದ ಕೆಲಸಗಾರನಿಂದಲೇ, ವಿದ್ಯುತ್ ಸಂಪರ್ಕ ಪೂರ್ತಿ ತೆಗೆದ ಮೇಲೆಯೇ ತೆಗೆಸಬೇಕು. ತೊಟ್ಟಿಕ್ಕುತ್ತದೆಯೆಂದು ಸುರಕ್ಷತಾ ವಾಲ್ವಿಗೆ ಬಿರಡೆ ಜಡಿಯುವ ಅಭ್ಯಾಸವಂತೂ ಮನೆಯೊಳಗೆ ಸಿಡಿಮದ್ದು ಇಟ್ಟುಕೊಂಡಂತೆ.

ಪಂಪ್ ಬೇಡವೇ ಬೇಡವೆಂದಲ್ಲ. ತೊಳೆದು, ಅಳೆದು, ಟಾಕಿ ಎತ್ತರಿಸಲು ಸಾಧ್ಯವಿಲ್ಲವೆಂದು ಖಚಿತವಾದ ಮೇಲೆ ಟಾಕಿಯ ಹೊರದಾರಿಗೆ ಸಣ್ಣ ಒತ್ತಡದ ಪಂಪ್ ಕೂರಿಸಬಹುದು. ಅದರ ಒತ್ತಡವು ಗೀಝರಿನ ಮೇಲೆ ಮುದ್ರಿಸಿದ ಮಿತಿಯೊಳಗಿರಬೇಕು. ಗಾಳಿಕೊಳವೆ ತೆರೆದಿರುವ ಸೌರಯಂತ್ರಗಳಿಗೆ ಪಂಪಿನ ಒತ್ತಡ ತಗಲಲೇಬಾರದು. ಸಾರ್ವಜನಿಕ ನಳದ ಸಾಲಿಗೆ ನೇರವಾಗಿ ಮೋಟರ್ ಹಚ್ಚುವುದು ಪಕ್ಕದ ಮನೆಯ ಕೊಡದಿಂದ ನೀರು ಕಸಿದಂತೆ. ಹಕ್ಕಳೆ ಕಟ್ಟಿದ ಕೊಳವೆಗೆ ಪಂಪ್ ಹಚ್ಚಿದರೆ ದೋಷ ಅಡಗುತ್ತದೆಯೇ ವಿನಾ ಹೋಗುವುದಿಲ್ಲ.

ಕೊಳ್ಳುವವನ ಹಕ್ಕು

ಮಿಕ್ಸರ್ ಕೊಳ್ಳುವಾಗಿನ ಒಂದು ಮಾತು ಮುಂದಿನ ಎಷ್ಟೋ ತಂಟೆಯನ್ನು ತಪ್ಪಿಸುತ್ತದೆ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನಂತೆ, ಕೊಳ್ಳುವವನು ತನ್ನ ವಿಶೇಷ ಉದ್ದೇಶವನ್ನು ತಿಳಿಸಿ, ಅಂಥ ಸರಕನ್ನೇ ಮಾರುವ ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡರೆ, ಆ ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಬರೆಯದಿದ್ದರೂ ಇದ್ದಂತೆ. ಆದರೆ ಇಂಥ ಹೆಸರಿನ, ಇಂಥ ಮಾದರಿಯ ವಸ್ತುವೇ ಬೇಕೆಂದು ಹೆಸರು ಹಿಡಿದು ಕೊಂಡವನಿಗೆ ಆ ರಕ್ಷಣೆ ದೊರೆಯುವುದು ಕಷ್ಟ. ಆದುದರಿಂದ ಬಂಧುಗಳ ಮನೆಯಲ್ಲಿ ಕಂಡ ಮಾದರಿಯ ಹೆಸರು ಹೇಳುವ ಬದಲು, "ಟಾಕಿ ಸ್ಲ್ಯಾಬಿನ ಮೇಲಿದೆ, ನೀರು ಕೊಳವೆ ಬಾವಿಯದು, ಗಡಸು, ಇದಕ್ಕೆ ತಕ್ಕುದನ್ನು ಕೊಡಿ" ಎಂದು ಕೇಳಿ, ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವವನು ಜಾಣ.

ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಅದೇ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಿಕ್ಸರನ್ನು ವಿಜಯಪುರದಲ್ಲಿ ಕೊಂಡಿದ್ದರೂ ಜತ್ತದವನಿಗೆ ಸಾಂಗಲಿಯ ಆಯೋಗ ತೆರೆದಿರುತ್ತದೆ. ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ತೆತ್ತ ಬೆಲೆ ಐದು ಲಕ್ಷ ರೂಪಾಯಿಗಳವರೆಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿನೋಡಬಹುದು. ಆದರೆ ವಾರಂಟಿ ಕಾಗದದ ಸಣ್ಣಕ್ಷರಗಳಲ್ಲಿ ಗಡಸು ನೀರಿನ ಹಕ್ಕಳೆಯಿಂದಾದ ಕೆಡುಕಿಗೆ ಹೊಣೆಯಿಲ್ಲವೆಂಬ ಮಾತು ಅನೇಕ ಸಲ ಇರುತ್ತದೆ. ಆ ಕಾಗದ ಕನ್ನಡದಲ್ಲಿ ಇರುವುದು ಅಪರೂಪ. ಮನೆಯ ಓದಿದ ಮಕ್ಕಳಿಂದ ಕೊಳ್ಳುವ ಮೊದಲೇ ಅದನ್ನು ಓದಿಸಿಕೊಳ್ಳಬೇಕು.

ಇಲ್ಲಿಯೇ ಆ ನಾಲ್ಕು ಅಂಕಿಗಳ ಹಾಳೆ ಕೆಲಸಕ್ಕೆ ಬರುತ್ತದೆ. ಮನೆಯ ಮಾತು ಕನ್ನಡ, ಕೆಲಸಗಾರನ ಮಾತು ಮರಾಠಿ, ಕಂಪನಿಯ ಕಾಗದ ಇಂಗ್ಲಿಷ್ ಆಗಿರುವ ಈ ಸೀಮೆಯಲ್ಲಿ "ನೀರು ಸರಿಯಾಗಿ ಬರುವುದಿಲ್ಲ" ಎಂಬ ದೂರು ಮೂರು ಬಾಯಿಗಳಲ್ಲಿ ಮೂರು ಅರ್ಥ ಪಡೆಯುತ್ತದೆ. "ತಣ್ಣೀರು ನಿಮಿಷಕ್ಕೆ 7 ಲೀಟರ್, ಬಿಸಿನೀರು 2 ಲೀಟರ್" ಎಂಬುದಕ್ಕೆ ಮಾತ್ರ ಎಲ್ಲ ಭಾಷೆಗಳಲ್ಲಿಯೂ ಒಂದೇ ಅರ್ಥ. ದಿನಾಂಕ ಹಾಕಿ ಬರೆದಿಟ್ಟರೆ ಆಯೋಗದ ಮುಂದೆಯೂ ಅದು ಸಾಕ್ಷಿ.

ಎಷ್ಟು ನೀರು ಸಾಕು?

ಕೊನೆಯದಾಗಿ, ಎಷ್ಟು ಹರಿವು ಬೇಕೆಂಬುದನ್ನೂ ನಿರ್ಧರಿಸಬೇಕು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್ ಗ್ರಾಮೀಣ ಭಾಗದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟುಕೊಂಡಿದೆ. ನಿಮಿಷಕ್ಕೆ 10 ಲೀಟರ್ ಸುರಿಸುವ ಶವರ್ ಐದೂವರೆ ನಿಮಿಷದಲ್ಲಿ ಒಬ್ಬನ ಇಡೀ ದಿನದ ಪಾಲನ್ನು ಮುಗಿಸುತ್ತದೆ. 2022ರ ನವೆಂಬರ್‌ನಲ್ಲಿ ಗಡಿಯ ವಿವಾದ ಮತ್ತೆ ಎದ್ದು ಜತ್ತದ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ತುಂಬಿದಾಗ ಅದರ ಬುಡದಲ್ಲಿದ್ದುದು ನೀರಿನ ಮಾತೇ. ಗಡಿಯಾಚೆಯ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಈ ಕಡೆಯ ಕೆರೆಗೆ ಹರಿದುಬಂದುದೇ ಅಂದು ದೊಡ್ಡ ಸುದ್ದಿಯಾಗಿತ್ತು. ಅಂಥ ಸೀಮೆಯಲ್ಲಿ ಹೋಟೆಲಿನ ಶವರಿನ ರಭಸವನ್ನು ಮನೆಯಲ್ಲಿ ಬಯಸುವುದು ಅತಿಯಾಸೆ. ಸಣ್ಣ ತಲೆಯ ಶವರಿನಿಂದ ನಿಮಿಷಕ್ಕೆ ಐದಾರು ಲೀಟರ್ ಸಮನಾಗಿ, ಬಿಸಿ-ತಣ್ಣೀರು ಹದವಾಗಿ ಬೆರೆತು ಬಂದರೆ ಸ್ನಾನಕ್ಕೆ ಅದು ಧಾರಾಳ.

ಮೂರು ತಿಂಗಳಿಗೊಮ್ಮೆ ಶವರಿನ ತಲೆ ಮತ್ತು ಜಾಲರಿಗಳನ್ನು ನಿಂಬೆ ಉಪ್ಪಿನಲ್ಲಿ ತೊಳೆಯುವುದು, ವರ್ಷಕ್ಕೊಮ್ಮೆ ಟಾಕಿಯ ತಳದ ಕೆಸರು ತೆಗೆಯುವುದು, ಎರಡೂ ಸಲ ಬಕೆಟ್ ಇಟ್ಟು ಅಳೆದು ಹಳೆಯ ಅಂಕಿಯ ಕೆಳಗೆ ಹೊಸದನ್ನು ಬರೆಯುವುದು ಇಷ್ಟನ್ನು ರೂಢಿಸಿಕೊಂಡ ಮನೆಗೆ ಹೊಸ ಮಿಕ್ಸರಿನ ಖರ್ಚು ಅಷ್ಟು ಬೇಗ ಬರಲಾರದು.